ವಿಳಾಸಾಂತರಣದ ಕೋಡ್ ಮತ್ತು ಅದರ ಪರಿಶೀಲನೆ: ಬೆಂಗಳೂರಿನ ಗಣಕ ಇತಿಹಾಸದ ಒಂದು ಅಧ್ಯಾಯ

ಬೆಂಗಳೂರಿನ ಗಣಕೋದ್ಯಮದ ಇತಿಹಾಸವನ್ನು ಬರೆಯಹೊರಟವರು ಬಹುಮಟ್ಟಿಗೆ ಕಂಪನಿಗಳ ಸ್ಥಾಪನೆ, ರಫ್ತಿನ ಮೊತ್ತ, ಉದ್ಯೋಗಗಳ ಸಂಖ್ಯೆ ಇವುಗಳನ್ನೇ ಆಧಾರವಾಗಿ ಇಟ್ಟುಕೊಂಡಿದ್ದಾರೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದುದು ಎಲ್ಲ ಕಥನಗಳಲ್ಲಿಯೂ ಉಲ್ಲೇಖಗೊಳ್ಳುತ್ತದೆ. ಆದರೆ ಇಲ್ಲಿ ಕುಳಿತು ಬರೆದ ಕೋಡ್ ಯಾವ ಪರೀಕ್ಷೆಗಳನ್ನು ದಾಟಿ ಜಗತ್ತಿನ ಬಳಕೆಗೆ ಸೇರಿತೆಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಲಿನಕ್ಸ್ ಕರ್ನಲ್‌ನ ಮಟ್ಟಿಗೆ ಈ ಪ್ರಶ್ನೆಗೆ ಉತ್ತರವಿದೆ. ಅಲ್ಲಿನ ಪರಿಶೀಲನೆಯೆಲ್ಲ ಬಹಿರಂಗವಾಗಿ, ಲಿಖಿತ ರೂಪದಲ್ಲಿ ನಡೆಯುತ್ತದೆ. ರಿಸ್ಕ್-ಫೈವ್ ಪ್ರೊಸೆಸರ್‌ಗಳಿಗಾಗಿ 2019ರಿಂದ 2022ರವರೆಗೆ ನಡೆದ ಕೆವಿಎಂ ಕಾರ್ಯವನ್ನು ಆ ದೃಷ್ಟಿಯಿಂದ ನೋಡುವುದು ಈ ಲೇಖನದ ಉದ್ದೇಶ.

ವಿಷಯದ ತಿರುಳು ವಿಳಾಸಗಳಿಗೆ ಸಂಬಂಧಿಸಿದ್ದು. ವಿಜಯನಗರದ ಆರ್‌ಪಿಸಿ ಲೇಔಟಿಗೆ ಹಂಪಿನಗರ ಎಂಬ ಹೆಸರೂ ಇದೆ. ಇಂಥ ಹಳೆಯ ಬಡಾವಣೆಗಳ ಮನೆಯ ಫಲಕಗಳಲ್ಲಿ ‘ಹಳೆಯ ನಂ.’, ‘ಹೊಸ ನಂ.’ ಎಂದು ಎರಡು ಸಂಖ್ಯೆಗಳನ್ನು ಕಾಣುವುದುಂಟು. ಹಳೆಯ ಸಂಖ್ಯೆ ಹೊತ್ತು ಬಂದ ಕಾಗದವನ್ನು ತಲುಪಿಸಲು ಅಂಚೆಯವನಿಗೆ ಎರಡಕ್ಕೂ ಇರುವ ಸಂಬಂಧ ತಿಳಿದಿರಬೇಕು. ಗಣಕದಲ್ಲಿ ಪ್ರತಿಯೊಂದು ಪ್ರೋಗ್ರಾಮ್ ಬಳಸುವ ವಿಳಾಸವನ್ನು ಮೆಮೊರಿಯ ನಿಜವಾದ ವಿಳಾಸಕ್ಕೆ ಬದಲಿಸುವ ಕೋಷ್ಟಕವೇ ಪೇಜ್ ಟೇಬಲ್. ಒಂದೇ ಯಂತ್ರದೊಳಗೆ ಹಲವು ವರ್ಚುಯಲ್ ಮಷೀನ್‌ಗಳನ್ನು ನಡೆಸುವಾಗ ಈ ಬದಲಾವಣೆ ಎರಡು ಹಂತಗಳಲ್ಲಿ ಆಗಬೇಕಾಗುತ್ತದೆ. ಅತಿಥಿ ವ್ಯವಸ್ಥೆಯು ‘ನಿಜವಾದ ವಿಳಾಸ’ ಎಂದು ನಂಬಿರುವುದೂ ವಸ್ತುತಃ ಹಳೆಯ ನಂಬರೇ. ಅದನ್ನು ಆತಿಥೇಯ ಕರ್ನಲ್ ಮತ್ತೊಮ್ಮೆ ಬದಲಿಸಬೇಕು.

ಈ ಸಮಸ್ಯೆ ಹೊಸದಲ್ಲ. ಐಬಿಎಂ 1972ರಲ್ಲಿ ಘೋಷಿಸಿದ ವಿಎಂ/370 ಇದನ್ನು ಎದುರಿಸಿತ್ತು. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಎರಡೂ ಹಂತಗಳನ್ನು ಒಂದಾಗಿಸಿದ ‘ನೆರಳು’ ಪೇಜ್ ಟೇಬಲನ್ನು ತಂತ್ರಾಂಶದಿಂದಲೇ ಕಟ್ಟಿ ನಿರ್ವಹಿಸಿತು. ಅವಿ ಕಿವಿಟಿ ಬರೆದ ಕೆವಿಎಂ 2007ರ ಫೆಬ್ರವರಿಯ ಲಿನಕ್ಸ್ 2.6.20ರಲ್ಲಿ ಸೇರಿದಾಗ ಅದೂ ಇದೇ ಮಾರ್ಗವನ್ನು ಹಿಡಿದಿತ್ತು. 2007-08ರ ಸುಮಾರಿಗೆ ಎಎಂಡಿ ಮತ್ತು ಇಂಟೆಲ್ ಎರಡನೆಯ ಹಂತವನ್ನು ಯಂತ್ರಾಂಶದಲ್ಲಿಯೇ ಅಳವಡಿಸಿದವು. ಇದರಿಂದ ತಂತ್ರಾಂಶದ ಭಾರ ಇಳಿಯಿತು, ಹುಡುಕಾಟದ ವೆಚ್ಚ ಏರಿತು: ನಾಲ್ಕು ಮಜಲಿನ ಕೋಷ್ಟಕದಲ್ಲಿ 4 ಬಾರಿ ಮೆಮೊರಿಯನ್ನು ಓದುವಲ್ಲಿ ಈಗ 24 ಬಾರಿ ಓದಬೇಕಾಗಬಹುದು. ಈ ವೆಚ್ಚವನ್ನು ತಗ್ಗಿಸುವ ಸಂಶೋಧನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲೂ ಇದೆ. ಅಶೀಶ್ ಪನ್ವಾರ್, ಅರ್ಕಪ್ರವ ಬಸು, ಕೆ. ಗೋಪಿನಾಥ್ ಮೊದಲಾದವರು 2021ರಲ್ಲಿ ಪ್ರಕಟಿಸಿದ ‘ವಿಮೈಟೋಸಿಸ್’ ಎರಡೂ ಹಂತಗಳ ಪೇಜ್ ಟೇಬಲ್‌ಗಳನ್ನು ಅವನ್ನು ಬಳಸುವ ಪ್ರೊಸೆಸರಿಗೆ ಸಮೀಪದ ಮೆಮೊರಿಯಲ್ಲಿ ಇರಿಸುವ ಪ್ರಯತ್ನ.

ಕರ್ನಲ್ ರಚನೆಯೂ ನಗರಕ್ಕೆ ಹೊಸತಾಗಿರಲಿಲ್ಲ. ಐಬಿಎಂನ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಇಲ್ಲಿನ ತಂಡವು ಕೆವಿಎಂ ಕ್ಷೇತ್ರದಲ್ಲಿಯೂ ದುಡಿದಿತ್ತು. ಪವರ್ ಪ್ರೊಸೆಸರ್‌ನಲ್ಲಿ ಅತಿಥಿಯ ವಿಳಾಸ ಕೋಷ್ಟಕಕ್ಕೆ ಒಂದೇ ತುಂಡಾದ ದೊಡ್ಡ ಮೆಮೊರಿ ಬೇಕಿತ್ತು. ಅದನ್ನು ಹೊಂದಿಸಿಕೊಡುವ ಕ್ರಮವನ್ನು ಅನೀಶ್ ಕುಮಾರ್ ಕೆ.ವಿ. 2013ರಲ್ಲಿ ರೂಪಿಸಿದರು.

ಈ ಹಿನ್ನೆಲೆಯಲ್ಲಿ, ಆಗ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿದ್ದ ಅನೂಪ್ ಪಟೇಲ್ ರಿಸ್ಕ್-ಫೈವ್ ಕೆವಿಎಂನ ಮೊದಲ ಪ್ಯಾಚ್ ಸರಣಿಯನ್ನು 2019ರ ಜುಲೈನಲ್ಲಿ ಪರಿಶೀಲನೆಗೆ ಮುಂದಿಟ್ಟರು. ಎಕ್ಸ್‌ವೈಸರ್ ಎಂಬ ಮುಕ್ತ ಹೈಪರ್‌ವೈಸರನ್ನು ಅವರು ಇದಕ್ಕೂ ಮೊದಲೇ ರಚಿಸಿದ್ದರು. ಅದೇ ಸಂಸ್ಥೆಯ ಅತೀಶ್ ಪಾತ್ರ ಈ ಕಾರ್ಯದ ಜೊತೆಗಾರರು. ಕೆವಿಎಂ ಪಾಲಕರಾದ ಪಾವೊಲೊ ಬೊಂಜಿನಿ ಹಾಗೂ ಅಲೆಕ್ಸಾಂಡರ್ ಗ್ರಾಫ್ ಪ್ರಮುಖ ಪರಿಶೀಲಕರು.

ಪರಿಶೀಲನೆಯ ಕಾಠಿಣ್ಯವೆಲ್ಲ ಎರಡನೆಯ ಹಂತದ ಪೇಜ್ ಟೇಬಲ್‌ನಲ್ಲಿದೆ. ಅತಿಥಿಯು ಇನ್ನೂ ನಕ್ಷೆಗೆ ಸೇರದ ವಿಳಾಸವನ್ನು ಮುಟ್ಟಿದಾಗ ಕರ್ನಲ್ ಮೊದಲು ಮೆಮೊರಿಯ ಪುಟವೊಂದನ್ನು ಹುಡುಕುತ್ತದೆ, ಬಳಿಕ ಬೀಗ ಹಾಕಿಕೊಂಡು ಕೋಷ್ಟಕದಲ್ಲಿ ನಮೂದಿಸುತ್ತದೆ. ಈ ಎರಡು ಕ್ರಿಯೆಗಳ ನಡುವಿನ ಕ್ಷಣದಲ್ಲಿ ಆತಿಥೇಯ ವ್ಯವಸ್ಥೆ ಅದೇ ಪುಟವನ್ನು ಹಿಂತೆಗೆದುಕೊಂಡು ಬೇರೆಯವರಿಗೆ ಕೊಟ್ಟಿದ್ದರೆ? ಒಬ್ಬ ಗ್ರಾಹಕನ ವರ್ಚುಯಲ್ ಮಷೀನ್ ಮತ್ತೊಬ್ಬನ ಮಾಹಿತಿಯನ್ನು ಓದುವ ಸ್ಥಿತಿ ಉಂಟಾಗುತ್ತದೆ. ಆದುದರಿಂದ ಹುಡುಕುವ ಮೊದಲು ಒಂದು ಕ್ರಮಸಂಖ್ಯೆಯನ್ನು ಗುರುತಿಸಿಟ್ಟುಕೊಂಡು, ಬೀಗ ಹಾಕಿದ ಮೇಲೆ ಅದು ಬದಲಾಗಿದೆಯೇ ಎಂದು ನೋಡಿ, ಬದಲಾಗಿದ್ದರೆ ನಮೂದಿಸದೆಯೇ ಹಿಂದಿರುಗಬೇಕು. ಕೋಡ್‌ನಲ್ಲಿ ಇದು ಕೆಲವೇ ಸಾಲು. ಆ ಸಾಲುಗಳ ಅನುಕ್ರಮ ತಪ್ಪಿದರೆ ಸಾಮಾನ್ಯ ಪರೀಕ್ಷೆಯಲ್ಲಿ ದೋಷ ಹೊರಬೀಳುವುದೇ ಇಲ್ಲ; ಓದುವವನ ಕಣ್ಣೇ ಅದನ್ನು ಹಿಡಿಯಬೇಕು.

ರಿಸ್ಕ್-ಫೈವ್‌ಗೆ ವಿಶಿಷ್ಟವಾದ ಸಂಗತಿಗಳೂ ಇದ್ದವು. ಅದರ ಎರಡನೆಯ ಹಂತದ ಮೂಲ ಕೋಷ್ಟಕ 4 ಕೆಬಿ ಅಲ್ಲ, 16 ಕೆಬಿ. ಅತಿಥಿಯು ಉಪಕರಣವೊಂದರ ವಿಳಾಸವನ್ನು ಮುಟ್ಟಿದಾಗ ಅದನ್ನು ಅನುಕರಿಸಲು ಕರ್ನಲ್ ಅತಿಥಿಯ ಆದೇಶವನ್ನು ಅತಿಥಿಯ ಮೆಮೊರಿಯಿಂದಲೇ ಓದಬೇಕಾಗಬಹುದು. ಆ ಓದು ಕೂಡ ವಿಫಲವಾಗಬಹುದು. ಕರಡು ವಿಶೇಷಣದಲ್ಲಿ ಈ ಓದಿನ ವಿಧಾನವೇ ಬದಲಾದಾಗ ಕೋಡನ್ನೂ ಬದಲಿಸಬೇಕಾಯಿತು. ಆ ಕಾಲದಲ್ಲಿ ಪರೀಕ್ಷೆಗೆ ಮುಖ್ಯವಾಗಿ ಒದಗಿದ್ದುದು ಕ್ಯೂಇಎಂಯು ಎಂಬ ಅನುಕರಣ ತಂತ್ರಾಂಶ. ಹೀಗೆ ಅನುಕರಣೆಯ ಕೋಡನ್ನು ಅನುಕರಿಸಿದ ಪ್ರೊಸೆಸರ್ ಮೇಲೆಯೇ ಒರೆಗೆ ಹಚ್ಚಬೇಕಾದ ವಿಚಿತ್ರ ಸನ್ನಿವೇಶವಿತ್ತು.

ಸರಣಿ ತಡೆದು ನಿಂತದ್ದು ಮಾತ್ರ ಕೋಡ್‌ನ ದೋಷದಿಂದಲ್ಲ. ಸ್ಥಿರಗೊಂಡ ಅಥವಾ ಅಂಗೀಕೃತವಾದ ವಿಶೇಷಣಗಳಿಗೆ ಮಾತ್ರ ಪ್ಯಾಚ್ ಸ್ವೀಕರಿಸತಕ್ಕದ್ದೆಂಬ ನಿಯಮವನ್ನು ಕರ್ನಲ್‌ನ ರಿಸ್ಕ್-ಫೈವ್ ಪಾಲಕರು 2019ರ ಕೊನೆಗೆ ದಾಖಲಿಸಿದರು. ಹೈಪರ್‌ವೈಸರ್ ವಿಸ್ತರಣೆ ಆಗಿನ್ನೂ ಕರಡಾಗಿತ್ತು. ಪರಿಶೀಲಕರ ಒಪ್ಪಿಗೆ ಪಡೆದ ಕೋಡ್ ಆವೃತ್ತಿಯ ಮೇಲೆ ಆವೃತ್ತಿಯಾಗಿ, ಪ್ರತಿ ಹೊಸ ಕರ್ನಲ್‌ಗೆ ಹೊಂದಿಸಲ್ಪಡುತ್ತ ಹೊರಗೇ ಉಳಿಯಿತು. 2021ರ ಮೇ ತಿಂಗಳಲ್ಲಿ ಅದನ್ನು ‘ಸ್ಟೇಜಿಂಗ್’ ವಿಭಾಗದಲ್ಲಿ ಇರಿಸುವ ಪ್ರಯತ್ನ ನಡೆಯಿತಾದರೂ ಆ ವಿಭಾಗದ ಪಾಲಕ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಅದಕ್ಕೆ ಸಮ್ಮತಿಸಲಿಲ್ಲ. ವಿಭಾಗದ ಉದ್ದೇಶವೇ ಬೇರೆಯಾದ್ದರಿಂದ ಆ ಆಕ್ಷೇಪ ನ್ಯಾಯವಾದುದೇ. ನಿಯಮದ ಹಿಂದಿನ ಆತಂಕವೂ ಸಕಾರಣವಾದುದು: ಕರಡಿನ ಆಧಾರದಲ್ಲಿ ಒಮ್ಮೆ ಕರ್ನಲ್‌ಗೆ ಸೇರಿದ್ದನ್ನು ಮರಳಿ ಕಿತ್ತುಹಾಕುವುದು ಸುಲಭವಲ್ಲ. ಆದರೆ ವಿಶೇಷಣವನ್ನು ಸ್ಥಿರಗೊಳಿಸುವ ಅಧಿಕಾರವಾಗಲಿ, ಅದಕ್ಕೆ ಗಡುವು ವಿಧಿಸುವ ಅಧಿಕಾರವಾಗಲಿ ಕೋಡ್ ಬರೆದವರ ಕೈಯಲ್ಲಿರಲಿಲ್ಲ. ಕಾಯುವಿಕೆಯ ಶ್ರಮವೆಲ್ಲ ಅವರೊಬ್ಬರ ಮೇಲೆಯೇ ಬಿದ್ದುದು ಈ ವ್ಯವಸ್ಥೆಯ ಕೊರತೆಯೆಂದು ನನ್ನ ಅಭಿಪ್ರಾಯ.

2021ರ ಸೆಪ್ಟೆಂಬರ್ 27ರಂದು 20ನೆಯ ಆವೃತ್ತಿ 17 ಪ್ಯಾಚ್‌ಗಳಾಗಿ ಬಂದಿತು. ಆ ವರ್ಷದ ಕೊನೆಯಲ್ಲಿ ವಿಶೇಷಣಕ್ಕೂ ಅಂಗೀಕಾರ ದೊರೆಯಿತು. 2022ರ ಜನವರಿ 9ರಂದು ಬಿಡುಗಡೆಯಾದ ಲಿನಕ್ಸ್ 5.16ರಲ್ಲಿ ರಿಸ್ಕ್-ಫೈವ್ ಕೆವಿಎಂ ಸೇರಿತ್ತು. ಅನೂಪ್ ಪಟೇಲ್ ಅದರ ಪಾಲಕರಾದರು. ಅದೇ ವರ್ಷ ಅವರು ಕೋಡ್‌ನಲ್ಲೆಲ್ಲ ‘ಸ್ಟೇಜ್-2’ ಎಂದಿದ್ದ ಹೆಸರನ್ನು ವಿಶೇಷಣಕ್ಕೆ ಅನುಗುಣವಾಗಿ ‘ಜಿ-ಸ್ಟೇಜ್’ ಎಂದು ಬದಲಿಸಿದರು. ಹಳೆಯ ಆವೃತ್ತಿಗಳನ್ನು ಓದುವ ಸಂಶೋಧಕರು ಇದನ್ನು ನೆನಪಿಡಬೇಕು, ಇಲ್ಲವಾದರೆ ಒಂದೇ ವಸ್ತುವನ್ನು ಎರಡೆಂದು ಭ್ರಮಿಸುವ ಸಾಧ್ಯತೆಯಿದೆ.

ಈ ಆಕರದ ಮಿತಿಯೊಂದನ್ನೂ ಹೇಳಬೇಕು. ಕರ್ನಲ್‌ನ ಅಧಿಕೃತ ಚರಿತ್ರೆಯಲ್ಲಿ ಉಳಿಯುವುದು ಕೊನೆಯ ಆವೃತ್ತಿ ಮಾತ್ರ; ಹಿಂದಿನ ಹತ್ತೊಂಬತ್ತನ್ನು ಅಂದಿನ ಪತ್ರವ್ಯವಹಾರದಲ್ಲಿಯೇ ಹುಡುಕಬೇಕು. ಆ ಚರಿತ್ರೆಯ ನಮೂದುಗಳಲ್ಲಿ ಸಾಮಾನ್ಯವಾಗಿ ರಚಿಸಿದವರ ಹೆಸರು, ಸಂಸ್ಥೆಯ ವಿಳಾಸ, ಪರಿಶೀಲಿಸಿದವರ ಹೆಸರು, ಹೊತ್ತು ಎಲ್ಲವೂ ಇರುತ್ತವೆ, ಊರಿನ ಹೆಸರು ಇರುವುದಿಲ್ಲ. ಕಾಲಸೂಚಕದ ಕೊನೆಯಲ್ಲಿರುವ +0530 ಎಂಬ ಅಂಕೆ ಬರೆದವರು ಭಾರತದ ಗಡಿಯಾರವನ್ನು ಇಟ್ಟುಕೊಂಡಿದ್ದರೆಂಬಷ್ಟನ್ನು ಮಾತ್ರ ತಿಳಿಸುತ್ತದೆ.