ಹಾಲಿ ಸಿಕ್ಕಾದಿಂದ ರಾಷ್ಟ್ರನಾಣ್ಯಕ್ಕೆ: ತಾವರಗೇರಾ ಸೀಮೆಯ ನಿದರ್ಶನ

ಹೊಸ ನಾಣ್ಯವೊಂದು ಚಲಾವಣೆಗೆ ಬರುವ ಮುನ್ನ ಅದರ ಮುದ್ರೆ, ತೂಕ, ಲೋಹಗಳನ್ನು ಪರೀಕ್ಷಿಸಲು ಟಂಕಸಾಲೆಯಲ್ಲಿ ಕೆಲವೇ ಮಾದರಿ ನಾಣ್ಯಗಳನ್ನು ಅಚ್ಚುಹಾಕುವುದು ವಾಡಿಕೆ. ನಾಣ್ಯಶಾಸ್ತ್ರಜ್ಞರು ಇವುಗಳಿಗೆ ಹೆಚ್ಚಿನ ಬೆಲೆ ಕೊಡುತ್ತಾರೆ. ಆದರೆ ರಾಷ್ಟ್ರನಾಣ್ಯದ ನಿಜವಾದ ಪರೀಕ್ಷೆ ನಡೆದದ್ದು ಸಂತೆಪೇಟೆಗಳಲ್ಲಿ.

ಸ್ವಾತಂತ್ರ್ಯಾನಂತರವೂ ಮೂರು ವರ್ಷ ಆರನೆಯ ಜಾರ್ಜ್ ದೊರೆಯ ಮುಖವೇ ಭಾರತದ ನಾಣ್ಯಗಳಲ್ಲಿ ಉಳಿಯಿತು. ನೋಟುಗಳಿಗಾಗಿ ಗಾಂಧೀಜಿಯವರ ಭಾವಚಿತ್ರದ ವಿನ್ಯಾಸಗಳು ಸಿದ್ಧವಾಗಿದ್ದರೂ ಕೊನೆಗೆ ಸಾರನಾಥದ ಸಿಂಹಶೀರ್ಷವೇ ಆಯ್ಕೆಯಾಯಿತು. 1950ರ ಆಗಸ್ಟ್ 15ರಂದು ಅದೇ ಲಾಂಛನವನ್ನು ಹೊತ್ತ ಆಣೆ ಸರಣಿಯ ನಾಣ್ಯಗಳು ಹೊರಬಂದವು. ರೂಪಾಯಿಯ ಮೇಲಿದ್ದ ಹುಲಿಯ ಜಾಗಕ್ಕೆ ಧಾನ್ಯದ ತೆನೆ ಬಂದಿತು.

ಕುಷ್ಟಗಿ ತಾಲ್ಲೂಕಿನ ತಾವರಗೇರಾ ಆ ಹೊತ್ತಿಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. ಈ ಸೀಮೆಯ ಹಣ ನಿಜಾಮರ ಹಾಲಿ ಸಿಕ್ಕಾ; ಬ್ರಿಟಿಷ್ ಭಾರತದ ರೂಪಾಯಿಗೆ ‘ಕಲ್ದಾರ’ ಎಂಬ ಹೆಸರಿತ್ತು. ಹಾಲಿ ರೂಪಾಯಿಯ ಒಂದು ಮುಖದಲ್ಲಿ ಚಾರ್ಮಿನಾರ್, ಅದರ ಬಾಗಿಲಿನಲ್ಲಿ ಆಳುವ ನಿಜಾಮರ ಹೆಸರಿನ ಮೊದಲಕ್ಷರ. ಹೈದರಾಬಾದಿನ ನೋಟುಗಳಲ್ಲಿ ಕನ್ನಡಕ್ಕೆ ಎಡೆಯಿತ್ತು, ನಾಣ್ಯಗಳಲ್ಲಿ ಇರಲಿಲ್ಲ. ಭಾರತ ಸರ್ಕಾರವೂ ಇದೇ ಕ್ರಮವನ್ನು ಮುಂದುವರಿಸಿದ್ದು ಗಮನಾರ್ಹ.

1948ರ ಸೆಪ್ಟೆಂಬರಿನ ಕಾರ್ಯಾಚರಣೆಯ ನಂತರ, 1950ರಲ್ಲಿ, ಭಾರತದ ರೂಪಾಯಿ ಇಲ್ಲಿ ಹಾಲಿಯ ಜೊತೆಗೆ ಚಲಾವಣೆಗೆ ಬಂದಿತು. ಏಳು ಹಾಲಿಗೆ ಆರು ರೂಪಾಯಿ ಎಂಬ ದರ ಮೇಲುನೋಟಕ್ಕೆ ಅನ್ಯಾಯವೆಂದು ತೋರಬಹುದು. ಹಳೆಯ ಹಾಲಿ ರೂಪಾಯಿ 11.178 ಗ್ರಾಂ ತೂಗುತ್ತಿದ್ದು, ಅದರಲ್ಲಿ ಸಾವಿರಕ್ಕೆ 818 ಪಾಲು ಬೆಳ್ಳಿ. ಕಲ್ದಾರದ ತೂಕ 11.66 ಗ್ರಾಂ, ಬೆಳ್ಳಿ ಸುಮಾರು 917 ಪಾಲು. ಲೆಕ್ಕಹಾಕಿದರೆ ಶುದ್ಧ ಬೆಳ್ಳಿ ಕ್ರಮವಾಗಿ 9.14 ಮತ್ತು 10.69 ಗ್ರಾಂ. ಈ ಪ್ರಮಾಣ ಹೆಚ್ಚುಕಡಿಮೆ ಆರಕ್ಕೆ ಏಳೇ. ದರ ನ್ಯಾಯವಾದದ್ದೇ, ಆದರೆ ಹಿಂದಿನ ಕಾಲದ ನಾಣ್ಯಕ್ಕೆ! 1947ರಿಂದ ಭಾರತದ ರೂಪಾಯಿ ನಿಕ್ಕಲ್ಲಿನದಾಗಿತ್ತು. ಗಡಿಗೆಯಲ್ಲಿ ಹಳೆಯ ಬೆಳ್ಳಿ ಕೂಡಿಟ್ಟ ರೈತನು ನೂರು ಹಾಲಿ ಕೊಟ್ಟರೆ ಅವನ ಕೈಸೇರುತ್ತಿದ್ದುದು 85 ರೂಪಾಯಿ 11 ಆಣೆ 5 ಪೈ, ಅದೂ ಬೆಳ್ಳಿಯಿಲ್ಲದ ಹಣ. ಅಂಥ ಬೆಳ್ಳಿ ವಿನಿಮಯಕ್ಕಿಂತ ಅಕ್ಕಸಾಲಿಗನ ಮೂಸೆಯತ್ತ ಸಾಗಲು ಇದಕ್ಕಿಂತ ಬಲವಾದ ಕಾರಣ ಬೇಕಿರಲಿಲ್ಲ.

1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಐದೇ ತಿಂಗಳಲ್ಲಿ, 1957ರ ಏಪ್ರಿಲ್ 1ರಂದು, ಆಣೆ-ಪೈಗಳ ಲೆಕ್ಕ ಹೋಗಿ ನಯಾಪೈಸೆ ಬಂದಿತು. ಹಾಲಿ ಸಿಕ್ಕಾ ಸಂಪೂರ್ಣವಾಗಿ ಅಮಾನ್ಯಗೊಂಡದ್ದು 1959ರಲ್ಲಿ.