ಕೋಶಾಂಗಗಳು: ಬೊಮ್ಮಸಂದ್ರದ ಯೀಸ್ಟ್ ಕೋಶದೊಳಗೆ

ಜೀವಕೋಶದೊಳಗೆ ನಿರ್ದಿಷ್ಟ ಕೆಲಸಕ್ಕೆ ಮೀಸಲಾದ ಭಾಗಗಳಿಗೆ ಕೋಶಾಂಗಗಳೆಂದು ಹೆಸರು. ಇವುಗಳಲ್ಲಿ ಹೆಚ್ಚಿನವಕ್ಕೆ ತಮ್ಮದೇ ಪೊರೆಯಿದೆ. ಕೋಶದಲ್ಲಿ ಒಂದೇ ಹೊತ್ತಿಗೆ ನಡೆಯುವ ಸಾವಿರಾರು ರಾಸಾಯನಿಕ ಕ್ರಿಯೆಗಳಲ್ಲಿ ಕೆಲವು ಒಂದಕ್ಕೊಂದು ಆಗಿಬರುವುದಿಲ್ಲ. ಅವನ್ನು ದೂರ ದೂರ ಇಡುವುದೇ ಕೋಶಾಂಗಗಳ ಮೊದಲ ಕೆಲಸ. ಬ್ಯಾಕ್ಟೀರಿಯದಲ್ಲಿ ಇಂಥ ವಿಂಗಡಣೆ ಬಹುಮಟ್ಟಿಗೆ ಇಲ್ಲ. ಯೀಸ್ಟ್, ಸಸ್ಯ ಮತ್ತು ಪ್ರಾಣಿಗಳ ಕೋಶಗಳಲ್ಲಿ ಇದೆ. ಪಠ್ಯಪುಸ್ತಕದ ಚಿತ್ರದಲ್ಲಿ ಬಣ್ಣಬಣ್ಣದ ಗುಳ್ಳೆಗಳಂತೆ ಕಾಣುವ ಈ ಭಾಗಗಳು ನಿಜಕ್ಕೂ ಏಕೆ ಬೇಕು ಎಂಬುದು ಎಲೆಕ್ಟ್ರಾನಿಕ್ ಸಿಟಿಯ ಆಚೆ, ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿ ಬೆಳೆದ ಔಷಧ ಉದ್ಯಮವನ್ನು ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ಕಿರಣ್ ಮಜುಂದಾರ್ (ಮುಂದೆ ಮಜುಂದಾರ್ ಶಾ) 1978ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಬಯೋಕಾನ್ ಈ ಉದ್ಯಮದ ಒಂದು ಸಂಸ್ಥೆ. ಅದು ಮೊದಲು ತಯಾರಿಸಿದ್ದು ಪರಂಗಿಕಾಯಿಯ ಹಾಲಿನಿಂದ ಸಿಗುವ ಪಪೈನ್ ಎಂಬ ಕಿಣ್ವ ಮತ್ತು ಮೀನಿನ ಗಾಳಿಚೀಲದಿಂದ ಸಿಗುವ ಐಸಿಂಗ್ಲಾಸ್. ಕೋಶಗಳು ತಮಗಾಗಿ ಮಾಡಿಟ್ಟದ್ದನ್ನು ಹೊರತೆಗೆಯುವ ಕೆಲಸ ಅದು. ಈ ಕಿಣ್ವ ವ್ಯವಹಾರವನ್ನು ಸಂಸ್ಥೆ 2007ರಲ್ಲಿ ನೊವೊಜೈಮ್ಸ್ ಕಂಪನಿಗೆ ಮಾರಿತು. ಅದಕ್ಕೂ ಮೊದಲೇ, 2004ರಲ್ಲಿ, ‘ಇನ್ಸುಜೆನ್’ ಎಂಬ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂದಿತ್ತು. ಇಲ್ಲಿ ಬಳಸಿದ ಜೀವಿ ಪಿಕಿಯಾ ಪಾಸ್ಟೋರಿಸ್ ಎಂಬ ಯೀಸ್ಟ್. ವರ್ಗೀಕರಣಕಾರರು ಈಗ ಅದನ್ನು ಕೊಮಗಟಯೆಲ್ಲಾ ಫಾಫಿ ಎನ್ನುತ್ತಾರೆ, ಉದ್ಯಮದವರು ಇನ್ನೂ ಪಿಕಿಯಾ ಎಂದೇ ಕರೆಯುತ್ತಾರೆ. 1970ರ ದಶಕದಲ್ಲಿ ಅಮೆರಿಕದ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿ ಇದಕ್ಕೆ ಮೆಥನಾಲ್ ಉಣಿಸಿ ಪಶು ಆಹಾರ ತಯಾರಿಸಲು ಹೊರಟಿತ್ತು. ತೈಲ ಬಿಕ್ಕಟ್ಟಿನಿಂದ ಮೆಥನಾಲ್ ದುಬಾರಿಯಾಗಿ ಆ ಯೋಜನೆ ಬಿದ್ದುಹೋಯಿತು. 1980ರ ದಶಕದಲ್ಲಿ ಅದೇ ಯೀಸ್ಟಿಗೆ ಅನ್ಯಜೀವಿಗಳ ಪ್ರೋಟೀನ್ ತಯಾರಿಸುವ ಕೆಲಸ ಸಿಕ್ಕಿತು.

ಈ ಯೀಸ್ಟಿನ ಕೋಶಕೇಂದ್ರದಲ್ಲಿ 4 ವರ್ಣತಂತುಗಳಿವೆ. ಬೇಕಾದ ಪ್ರೋಟೀನಿನ ಜೀನನ್ನು ಅವುಗಳಲ್ಲೊಂದಕ್ಕೆ ಬೆಸೆಯಲಾಗುತ್ತದೆ. ಕೋಶ ವಿಭಜನೆಯಾದಾಗ ಮರಿಕೋಶಗಳಿಗೂ ಅದು ದಾಟುತ್ತದೆ. ಜೀನಿನ ಮುಂದೆ ಸಾಮಾನ್ಯವಾಗಿ ಇಡುವುದು ಯೀಸ್ಟಿನದೇ ಒಂದು ಡಿಎನ್‌ಎ ತುಣುಕು. ಗ್ಲಿಸರಾಲ್ ಇದ್ದಾಗ ಅದು ಜೀನನ್ನು ಸುಮ್ಮನಿರಿಸುತ್ತದೆ, ಗ್ಲಿಸರಾಲ್ ಮುಗಿದು ಮೆಥನಾಲ್ ಬಂದಾಗ ಚಾಲೂ ಮಾಡುತ್ತದೆ. ಹಾಗಾಗಿ ಹುದುಗು ತೊಟ್ಟಿಯಲ್ಲಿ ಮೊದಲು ಗ್ಲಿಸರಾಲ್ ಕೊಟ್ಟು ಕೋಶಗಳ ಸಂಖ್ಯೆ ಹೆಚ್ಚಿಸಿಕೊಂಡು, ಆಮೇಲೆ ಮೆಥನಾಲ್ ಹರಿಸುವುದು ರೂಢಿ.

ಮೆಥನಾಲ್ ಮನುಷ್ಯನಿಗೆ ವಿಷ. ಯೀಸ್ಟ್ ಅದನ್ನು ಅರಗಿಸಿಕೊಳ್ಳುವುದು ಪೆರಾಕ್ಸಿಸೋಮ್ ಎಂಬ ಪುಟ್ಟ ಕೋಶಾಂಗದಲ್ಲಿ. ಅಲ್ಲಿ ಆಲ್ಕೋಹಾಲ್ ಆಕ್ಸಿಡೇಸ್ ಎಂಬ ಕಿಣ್ವ ಮೆಥನಾಲನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ. ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಇದು ಕೋಶದಲ್ಲಿ ಎಲ್ಲೆಂದರಲ್ಲಿ ಹರಡಿದರೆ ಪ್ರೋಟೀನು, ಡಿಎನ್‌ಎ, ಪೊರೆ ಎಲ್ಲಕ್ಕೂ ಹಾನಿ. ಅದಕ್ಕೇ ಅದೇ ಪೊರೆಯೊಳಗೆ ಕೆಟಲೇಸ್ ಎಂಬ ಇನ್ನೊಂದು ಕಿಣ್ವ ಕಾದಿರುತ್ತದೆ; ಪೆರಾಕ್ಸೈಡ್ ಹುಟ್ಟಿದಲ್ಲಿಯೇ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಗ್ಲಿಸರಾಲ್ ಉಂಡ ಪಿಕಿಯಾದಲ್ಲಿ ಒಂದೆರಡು ಸಣ್ಣ ಚುಕ್ಕೆಗಳಷ್ಟೇ ಇದ್ದ ಪೆರಾಕ್ಸಿಸೋಮ್‌ಗಳು ಮೆಥನಾಲ್ ಬಿದ್ದ ಮೇಲೆ ಉಬ್ಬಿ ಕೋಶದ ಬಹುಪಾಲು ಜಾಗವನ್ನು ತುಂಬಿಕೊಳ್ಳುತ್ತವೆ. ಕೋಶಾಂಗಗಳ ಸಂಖ್ಯೆಯೂ ಗಾತ್ರವೂ ಸ್ಥಿರವಲ್ಲ, ಉಣ್ಣುವ ಆಹಾರಕ್ಕೆ ತಕ್ಕಂತೆ ಬದಲಾಗುತ್ತವೆ. ಪಠ್ಯಪುಸ್ತಕದ ಅಚ್ಚಿನ ಚಿತ್ರ ಮರೆಮಾಚುವ ಮುಖ್ಯ ಸಂಗತಿ ಇದು. ಪೆರಾಕ್ಸಿಸೋಮಿನ ರಸಾಯನವನ್ನು ಬಿಡಿಸಿ ತೋರಿಸಿದ ಬೆಲ್ಜಿಯಮ್‌ನ ಕ್ರಿಶ್ಚಿಯನ್ ಡಿ ಡ್ಯೂವ್ ಸಂಶೋಧನೆ ಆರಂಭಿಸಿದ್ದು ಯಕೃತ್ತಿನ ಮೇಲೆ ಇನ್ಸುಲಿನ್ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು. ದಾರಿಯಲ್ಲಿ ಲೈಸೋಸೋಮ್ ಸಿಕ್ಕಿತು, ಆಮೇಲೆ ಪೆರಾಕ್ಸಿಸೋಮ್. 1974ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು.

ಜೀನಿನ ಸಂದೇಶವನ್ನು ಓದಿ ಪ್ರೋಟೀನ್ ಸರಪಣಿ ಹೆಣೆಯುವುದು ರೈಬೋಸೋಮ್. ಇದಕ್ಕೆ ಪೊರೆಯಿಲ್ಲ, ಬ್ಯಾಕ್ಟೀರಿಯದಲ್ಲೂ ಇದೆ. ಸರಪಣಿ ಸಿದ್ಧವಾದರೆ ಇನ್ಸುಲಿನ್ ಆದಂತಲ್ಲ. ಇನ್ಸುಲಿನ್ನಿಗೆ 21 ಮತ್ತು 30 ಅಮೈನೋ ಆಮ್ಲಗಳ ಎರಡು ಎಳೆಗಳಿವೆ, ಅವನ್ನು ಹಿಡಿದಿಡಲು ಗಂಧಕದ 3 ಸೇತುಬಂಧಗಳಿವೆ. ಈ ಬಂಧಗಳು ಕೋಶದ್ರವ್ಯದಲ್ಲಿ ಸರಿಯಾಗಿ ಕೂಡುವುದಿಲ್ಲ. 1982ರಲ್ಲಿ ಬಂದ ಮೊದಲ ಜೈವಿಕ ತಂತ್ರಜ್ಞಾನದ ಇನ್ಸುಲಿನ್ ಇ. ಕೋಲೈ ಬ್ಯಾಕ್ಟೀರಿಯದಲ್ಲಿ ತಯಾರಾದದ್ದು. ಅಲ್ಲಿ ಎಳೆಗಳು ಮಡಿಕೆ ತಪ್ಪಿ ಮುದ್ದೆಗಟ್ಟುತ್ತವೆ, ಹೊರತೆಗೆದು ಬಿಡಿಸಿ ಮತ್ತೆ ಮಡಿಸಬೇಕಾಗುತ್ತದೆ. ಯೀಸ್ಟಿನಲ್ಲಿ ಇದಕ್ಕೆಂದೇ ಅಂತರ್ದ್ರವ್ಯ ಜಾಲವಿದೆ. ಸರಪಣಿಯ ತುದಿಯಲ್ಲಿನ ಒಂದು ಸಂಕೇತ ಅದನ್ನು ಈ ಜಾಲದೊಳಕ್ಕೆ ಎಳೆಯುತ್ತದೆ. ಒಳಗೆ ಬೇರೊಂದು ಕಿಣ್ವ ಬಂಧಗಳನ್ನು ಸರಿಯಾದ ಜೋಡಿಗಳಿಗೆ ಹಾಕಿಕೊಡುತ್ತದೆ, ತಪ್ಪಿದ್ದರೆ ಬಿಚ್ಚಿ ಮತ್ತೆ ಹಾಕುತ್ತದೆ. ಜೀನಿನ ಹೆಚ್ಚು ಪ್ರತಿಗಳನ್ನು ತುರುಕಿದರೆ ಇನ್ಸುಲಿನ್ ಹೆಚ್ಚೀತೆಂಬ ಲೆಕ್ಕಾಚಾರ ಹಲವು ಬಾರಿ ತಲೆಕೆಳಗಾಗುವುದು ಇಲ್ಲಿಯೇ. ಜಾಲದ ಮಡಿಸುವ ಶಕ್ತಿಗಿಂತ ಸರಪಣಿಗಳ ಬರುವಿಕೆ ಹೆಚ್ಚಾದರೆ ಕೋಶವೇ ಅವನ್ನು ನಾಶ ಮಾಡತೊಡಗುತ್ತದೆ.

ಮಡಿಕೆಯಾದದ್ದು ಪುಟ್ಟ ಕೋಶಿಕೆಗಳಲ್ಲಿ ಗಾಲ್ಗಿ ಸಂಕೀರ್ಣಕ್ಕೆ ಸಾಗುತ್ತದೆ. ಇಟಲಿಯ ಕ್ಯಾಮಿಲೊ ಗಾಲ್ಗಿ 1898ರಲ್ಲಿ ಇದನ್ನು ವರ್ಣಿಸಿದಾಗ ಅದು ಬಣ್ಣ ಹಾಕುವಾಗಿನ ದೋಷವೆಂದು ಅನೇಕರು ತಳ್ಳಿಹಾಕಿದ್ದರು. ಯೀಸ್ಟಿನ ಗಾಲ್ಗಿಯಲ್ಲಿರುವ ಒಂದು ಕಿಣ್ವ ಸಂಕೇತದ ಉಳಿದ ಭಾಗವನ್ನು ಕತ್ತರಿಸುತ್ತದೆ. ಅಲ್ಲಿಂದ ಕೋಶಿಕೆಗಳು ಕೋಶಪೊರೆಗೆ ಬೆಸೆದು ಸರಕನ್ನು ಹೊರಹಾಕುತ್ತವೆ. ಈ ದಾರಿಯ ಜೀನುಗಳನ್ನು ರ‍್ಯಾಂಡಿ ಶೆಕ್‌ಮನ್ ಮತ್ತು ಪೀಟರ್ ನೋವಿಕ್ 1979ರಿಂದ ಯೀಸ್ಟಿನಲ್ಲೇ ಒಂದೊಂದಾಗಿ ಹುಡುಕಿದರು. ಶೆಕ್‌ಮನ್ 2013ರ ನೊಬೆಲ್ ಹಂಚಿಕೊಂಡರು. ಮನುಷ್ಯನ ಮೇದೋಜೀರಕದ ಬೀಟಾ ಕೋಶದ್ದೂ ಇದೇ ದಾರಿ. ಆದರೆ ಬೀಟಾ ಕೋಶ ಇನ್ಸುಲಿನ್ನನ್ನು ಸತುವಿನೊಂದಿಗೆ ಹರಳುಗಟ್ಟಿಸಿ ಕಣಗಳಲ್ಲಿ ಕೂಡಿಡುತ್ತದೆ, ರಕ್ತದಲ್ಲಿ ಸಕ್ಕರೆ ಏರಿದಾಗ ಬಿಡುತ್ತದೆ. ಯೀಸ್ಟಿಗೆ ಅಂಥ ಉಗ್ರಾಣವಿಲ್ಲ, ತಯಾರಾದಂತೆ ಸುರಿಯುತ್ತದೆ. ತನ್ನ ಸ್ವಂತ ಪ್ರೋಟೀನುಗಳನ್ನು ಪಿಕಿಯಾ ಹೊರಬಿಡುವುದು ಬಹಳ ಕಡಿಮೆಯಾದ್ದರಿಂದ ಶುದ್ಧೀಕರಣ ಹಗುರಾಗುತ್ತದೆ.

ಶುದ್ಧೀಕರಣಕ್ಕೆ ಕಂಟಕ ತರುವುದು ರಸದಾನಿ. ಸಸ್ಯಕೋಶದಲ್ಲಿ ನೀರು, ಲವಣ ತುಂಬಿದ ದೊಡ್ಡ ಚೀಲವಿದು. ಯೀಸ್ಟಿನಲ್ಲಿ ಹಳೆಯ ಪ್ರೋಟೀನುಗಳನ್ನು ಜೀರ್ಣಿಸುವ ಕಿಣ್ವಗಳ ಮನೆ. ತೊಟ್ಟಿಯಲ್ಲಿ ಕೋಶಗಳು ಕಿಕ್ಕಿರಿದು ಕೆಲವು ಒಡೆದರೆ ಈ ಕಿಣ್ವಗಳು ಹೊರಬಂದು, ಆಗಲೇ ಹೊರಬಿದ್ದಿರುವ ಉತ್ಪನ್ನವನ್ನು ಕಡಿಯುತ್ತವೆ. ಇದಕ್ಕಾಗಿಯೇ ಆ ಕಿಣ್ವಗಳ ಮುಖ್ಯ ಜೀನನ್ನು ತೆಗೆದುಹಾಕಿದ ಪಿಕಿಯಾ ತಳಿಗಳನ್ನು ಬೆಳೆಸಲಾಗಿದೆ.

ಮೈಟೊಕಾಂಡ್ರಿಯದ ಬಗ್ಗೆ ಶಾಲೆಯಲ್ಲಿ ಓದದವರಿಲ್ಲ. ಆಮ್ಲಜನಕ ಬಳಸಿ ಕೋಶಕ್ಕೆ ಶಕ್ತಿ ಒದಗಿಸುವ ಭಾಗ ಅದು. ಪೆರಾಕ್ಸಿಸೋಮೂ ಮೈಟೊಕಾಂಡ್ರಿಯವೂ ಒಟ್ಟೊಟ್ಟಿಗೆ ಆಮ್ಲಜನಕ ಬೇಡುವುದರಿಂದ ಮೆಥನಾಲ್ ಹಂತದಲ್ಲಿ ತೊಟ್ಟಿಗೆ ಬಿರುಸಾಗಿ ಗಾಳಿ ಊದಬೇಕು, ಏಳುವ ಬಿಸಿಯನ್ನು ತಣ್ಣೀರಿನ ಹೊದಿಕೆಯಿಂದ ಇಳಿಸಬೇಕು.

ಇಡೀ ಕೋಶವನ್ನು ಸುತ್ತುವರಿದಿರುವುದು ಕೋಶಪೊರೆ. ಕೊಬ್ಬಿನ ಎರಡು ಪದರ, ನಡುನಡುವೆ ಪ್ರೋಟೀನ್ ದ್ವಾರಗಳು. ಬೆಂಗಳೂರಿನ ಇನ್ನೊಂದು ತುದಿಯ ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಅವರ ತಂಡ ಈ ಪೊರೆಯ ರಚನೆಯನ್ನೂ ಅದು ಹೊರಗಿನ ವಸ್ತುಗಳನ್ನು ಒಳಸೆಳೆಯುವ ಬಗೆಯನ್ನೂ ದಶಕಗಳಿಂದ ಶೋಧಿಸಿದೆ. ದ್ವಾರಗಳು ಆಕಾರ ನೋಡಿ ಒಳಬಿಡುತ್ತವೆ, ಆದ್ದರಿಂದ ಮೋಸಹೋಗುತ್ತವೆ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿರುವ ಪೀಣ್ಯದ ಅಂತರ್ಜಲದಲ್ಲಿ ಕಂಡುಬಂದಿರುವ ಆರು ವೇಲೆನ್ಸಿಯ ಕ್ರೋಮಿಯಂ ಇದಕ್ಕೆ ಸಾಕ್ಷಿ. ಕ್ರೋಮೇಟ್ ಅಯಾನು ಸಲ್ಫೇಟನ್ನು ಹೋಲುವುದರಿಂದ ಸಲ್ಫೇಟಿನ ದ್ವಾರದಲ್ಲೇ ನುಸುಳುತ್ತದೆ. ಒಳಗೆ ಅದು ಮೂರು ವೇಲೆನ್ಸಿಯ ರೂಪಕ್ಕೆ ತಿರುಗುತ್ತದೆ. ಆ ರೂಪಕ್ಕೆ ಪೊರೆ ದಾಟುವುದು ಕಷ್ಟ. ಹೊರಹೋಗಲಾಗದೆ ಕೋಶಕೇಂದ್ರದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಮೂರು ವೇಲೆನ್ಸಿಯ ಕ್ರೋಮಿಯಂ ಹೊರಗಿದ್ದಾಗ ಅಷ್ಟು ಅಪಾಯಕಾರಿಯಲ್ಲದಿರುವುದಕ್ಕೂ ಇದೇ ಕಾರಣ. ಯೀಸ್ಟಿಗೆ ಪೊರೆಯ ಹೊರಗೆ ಗ್ಲೂಕನ್, ಕೈಟಿನ್‌ಗಳ ಗಟ್ಟಿ ಭಿತ್ತಿಯೂ ಇದೆ. ತೊಟ್ಟಿಯ ಕಲಕುವಿಕೆಯನ್ನು ಅದು ತಾಳಿಕೊಳ್ಳುತ್ತದೆ.

ಯೀಸ್ಟಿನಿಂದ ಆಗದ ಕೆಲಸವೂ ಇದೆ. ಇನ್ಸುಲಿನ್ನಿಗೆ ಸಕ್ಕರೆಯ ಕವಲುಗಳು ಬೇಡ. ಕ್ಯಾನ್ಸರ್ ಚಿಕಿತ್ಸೆಯ ಟ್ರಾಸ್ಟುಜುಮಾಬ್‌ನಂಥ ಪ್ರತಿಕಾಯಗಳಿಗೆ ಬೇಕು, ಅದೂ ಮನುಷ್ಯನವನ್ನು ಹೋಲುವಂಥವು. ಯೀಸ್ಟಿನ ಗಾಲ್ಗಿ ಮ್ಯಾನೋಸನ್ನೇ ಉದ್ದಕ್ಕೆ ಪೋಣಿಸುತ್ತದೆ. ಹಾಗಾಗಿ ಇಂಥ ಔಷಧಗಳಿಗೆ ಥಿಯೊಡೋರ್ ಪಕ್ 1957ರಲ್ಲಿ ಬೇರ್ಪಡಿಸಿದ ಚೀನೀ ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳೇ ಗತಿ. ಇವುಗಳಿಗೆ ಭಿತ್ತಿಯಿಲ್ಲ, ಬಿರುಸಾಗಿ ಕಲಕಿದರೆ ಒಡೆಯುತ್ತವೆ. ಯೀಸ್ಟ್ ಕೆಲವೇ ತಾಸಿನಲ್ಲಿ ಇಮ್ಮಡಿಯಾದರೆ ಇವಕ್ಕೆ ಸುಮಾರು ಒಂದು ದಿನ ಬೇಕು. ಔಷಧದ ಬೆಲೆ ಏರಿಸುವ ಕಾರಣಗಳಲ್ಲಿ ಇದೂ ಒಂದು. ಬಯೋಕಾನ್ ಮತ್ತು ಮೈಲಾನ್ ಅಭಿವೃದ್ಧಿಪಡಿಸಿದ ಟ್ರಾಸ್ಟುಜುಮಾಬ್‌ಗೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು.

ಬೊಮ್ಮಸಂದ್ರದಲ್ಲೇ ಇರುವ ಇಮ್ಯುನೀಲ್ ಸಂಸ್ಥೆ 2025ರ ಜನವರಿಯಲ್ಲಿ ಹೊರತಂದ ‘ಕಾರ್ಟೆಮಿ’ ಚಿಕಿತ್ಸೆಯಲ್ಲಿ ಕೋಶದಿಂದ ಏನನ್ನೂ ಹೊರತೆಗೆಯುವುದಿಲ್ಲ. ರೋಗಿಯದೇ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳ ಕೋಶಕೇಂದ್ರಕ್ಕೆ ಹೊಸ ಜೀನನ್ನು ಸೇರಿಸುತ್ತಾರೆ. ತಯಾರಾದ ಗ್ರಾಹಕ ಪ್ರೋಟೀನು ಅಂತರ್ದ್ರವ್ಯ ಜಾಲ, ಗಾಲ್ಗಿ ದಾಟಿ ಬಂದು ಹೊರಬೀಳದೆ ಪೊರೆಯಲ್ಲೇ ನಾಟಿ ನಿಂತು, ಲಿಂಫೋಮಾದ ಕ್ಯಾನ್ಸರ್ ಕೋಶಗಳನ್ನು ಗುರುತು ಹಿಡಿಯುತ್ತದೆ. ಇಲ್ಲಿ ಇಡೀ ಕೋಶವೇ ಔಷಧ.