‘ಅದೇ ಗ್ರಾಮದ’ ಶಾಸನ: ಹಿಂದಿನ ಸೋದರನ ಆಯ್ಕೆಯ ಚರಿತ್ರೆ

ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವಾಗಿ 1905ರಲ್ಲಿ ಹೊರತಂದರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮೊದಲಾದ ತಾಲ್ಲೂಕುಗಳ ಶಾಸನಗಳಿಗೆ ಅಲ್ಲಿ ತಾಲ್ಲೂಕುವಾರು ಕ್ರಮಸಂಖ್ಯೆಗಳಿವೆ. ಆ ಸಂಪುಟಮಾಲೆಯನ್ನು ಬಳಸಿದವರು ಬಲ್ಲ ಪದ್ಧತಿಯೊಂದುಂಟು. ಒಂದೇ ಊರಿನಲ್ಲಿ ಹಲವು ಕಲ್ಲುಗಳಿದ್ದರೆ ಊರಿನ ಹೆಸರು ಮೊದಲನೆಯದಕ್ಕೆ ಮಾತ್ರ. ಮುಂದಿನವುಗಳ ನೆತ್ತಿಯಲ್ಲಿ ‘ಅದೇ ಗ್ರಾಮದ’ ಎಂಬಷ್ಟೇ ಮಾತು. ಆವಣಿಯಂತಹ ಶಾಸನಸಮೃದ್ಧವಾದ ಊರಿಗೆ ಬಂದಾಗ ‘ಅದೇ’ ಎಂದರೆ ಯಾವುದೆಂದು ತಿಳಿಯಲು ಓದುಗನು ಹಿಂದಕ್ಕೆ ಹಾಳೆ ಮಗುಚಬೇಕು. ಬಿಡಿಯಾಗಿ ಎತ್ತಿಕೊಂಡ ಶಾಸನವು ಊರಿಲ್ಲದ ಶಾಸನವಾಗುತ್ತದೆ. ಇದು ಸಣ್ಣ ನಷ್ಟವಲ್ಲ. ದತ್ತಿಯ ಎಲ್ಲೆ, ವೀರನು ಮಡಿದ ತುರುಗಾಳಗ, ಕೆರೆಯ ತೂಬು ಇವೆಲ್ಲವೂ ಊರನ್ನೇ ನೆಮ್ಮಿವೆ.

ಇಂತಹ ಪಟ್ಟಿಯನ್ನು ಜಾಲಪುಟವಾಗಿ ಅಳವಡಿಸುವವನು, ‘ಅದೇ ಗ್ರಾಮದ’ ಎಂಬ ನಮೂದಿಗೆ ಮುಂಚೆ ನಿಂತಿರುವ, ಊರ ಹೆಸರುಳ್ಳ ನಮೂದನ್ನು ಬಣ್ಣದಿಂದ ಎದ್ದುಕಾಣಿಸಲು ಬಯಸುವುದು ಸಹಜ. ಒಂದೇ ಪಟ್ಟಿಯಲ್ಲಿ ಸಾಲಾಗಿ ನಿಂತ ನಮೂದುಗಳನ್ನು ಜಾಲದ ಪರಿಭಾಷೆಯಲ್ಲಿ ಸೋದರರೆನ್ನುತ್ತಾರೆ. ಇಲ್ಲಿ ಬೇಕಾದುದು ತಮ್ಮನನ್ನು ತೋರಿಸಿ ಅಣ್ಣನನ್ನು ಕರೆಯುವ ಸೂತ್ರ. ಸರಳವೆನಿಸುವ ಈ ಸೂತ್ರ ದೊರೆಯಲು ಕಾಲು ಶತಮಾನ ಹಿಡಿಯಿತು.

ಪುಟಗಳ ರೂಪವನ್ನು ನಿರ್ಣಯಿಸುವ ಸಿ.ಎಸ್.ಎಸ್. ಎಂಬ ಶೈಲಿಪತ್ರವನ್ನು ಹೋಕನ್ ವೀಯುಮ್ ಲೀ 1994ರಲ್ಲಿ ಸೂಚಿಸಿದರು. ಅದರ ಮೊದಲ ಹಂತ 1996ರಲ್ಲಿ ಅಂಗೀಕೃತವಾಯಿತು. 1998ರ ಎರಡನೆಯ ಹಂತದಲ್ಲಿ ‘+’ ಚಿಹ್ನೆ ಬಂದು, ಒಂದರ ಒಡನೆಯೇ ಬರುವ ಸೋದರನನ್ನು ಆರಿಸಲು ಸಾಧ್ಯವಾಯಿತು. ಮೂರನೆಯ ಹಂತದ ‘~’ ಚಿಹ್ನೆ ಮುಂದಿನ ಸೋದರರೆಲ್ಲರನ್ನೂ ಒಳಗೊಂಡಿತು. ಎರಡೂ ಮುಂದಕ್ಕೆ ಮಾತ್ರ ನೋಡುವಂಥವು. ಇದು ಅನವಧಾನವಲ್ಲ. ಬ್ರೌಸರ್ ಪುಟವನ್ನು ಮೇಲಿನಿಂದ ಕೆಳಕ್ಕೆ, ಬಂದಷ್ಟನ್ನು ಬಂದಂತೆ ತೋರಿಸುತ್ತ ಹೋಗುತ್ತದೆ. ಮುಂದೆ ಬರುವುದು ಹಿಂದಿನದರ ರೂಪವನ್ನು ಮಾರ್ಪಡಿಸುವುದಾದರೆ, ತೋರಿಸಿದ್ದನ್ನು ಮತ್ತೆ ಮತ್ತೆ ಲೆಕ್ಕಹಾಕಬೇಕಾಗುತ್ತದೆಂಬ ಅಂಜಿಕೆಯಿತ್ತು. ನಮ್ಮ ವೀರಗಲ್ಲುಗಳ ಪಟ್ಟಿಕೆಗಳನ್ನಾದರೋ ಕೆಳಗಿನಿಂದ ಮೇಲಕ್ಕೆ ಓದುತ್ತೇವೆ. ಯಂತ್ರಕ್ಕೆ ಆ ರೂಢಿಯಿಲ್ಲ.

ಆದರೆ ಹಿಂದಿರುಗಿ ನೋಡುವ ಕಲ್ಪನೆ ಅಪರಿಚಿತವೇನಲ್ಲ. 1999ರ ಎಕ್ಸ್‌ಪಾತ್ ಭಾಷೆಯಲ್ಲಿ ‘ಹಿಂದಿನ ಸೋದರ’ರ ದಿಕ್ಕೇ ಬೇರೆಯಾಗಿತ್ತು. 2006ರಲ್ಲಿ ಬಂದ ಜೆಕ್ವೆರಿ ಸಂಗ್ರಹದ ಮೂಲಕ ಆ ಕೆಲಸವನ್ನು ಲಿಪಿಕ್ರಮದಿಂದ ಮಾಡಬಹುದಾಗಿತ್ತು. ಇನ್ನು ಕೆಲವರು ಪಟ್ಟಿಯನ್ನೇ ತಲೆಕೆಳಗಾಗಿ ಬರೆದು, ತೆರೆಯ ಮೇಲೆ ಮಾತ್ರ ನೆಟ್ಟಗೆ ತೋರಿಸುತ್ತಿದ್ದರು. ಶಾಸನಪಟ್ಟಿಗೆ ಇದು ಸಲ್ಲದು: ಪುಟವನ್ನು ಗಟ್ಟಿಯಾಗಿ ಓದಿಹೇಳುವ ಸಾಧನವು ಕ್ರಮಸಂಖ್ಯೆಗಳನ್ನು ಹಿಂದುಮುಂದಾಗಿ ಓದೀತು.

2011ರಲ್ಲಿ ನಾಲ್ಕನೆಯ ಹಂತದ ಕರಡು ಹೊರಬಿದ್ದಿತು. ಆಯ್ಕೆಗೊಳ್ಳಬೇಕಾದುದನ್ನು ಡಾಲರ್ ಚಿಹ್ನೆಯಿಂದ ಗುರುತಿಸುವ ಅದರ ಸೂಚನೆ ನಿಲ್ಲಲಿಲ್ಲ. ಆ ಸ್ಥಾನಕ್ಕೆ ‘ಹ್ಯಾಸ್’ ಎಂಬ ಸೂತ್ರ ಬಂದಿತು. ಸಫಾರಿ ಮತ್ತು ಕ್ರೋಮ್ 2022ರಲ್ಲೂ ಫೈರ್‌ಫಾಕ್ಸ್ 2023ರ ಡಿಸೆಂಬರಿನಲ್ಲೂ ಇದನ್ನು ಅಳವಡಿಸಿಕೊಂಡವು. ವರ್ಗನಾಮಗಳನ್ನು ಕನ್ನಡದಲ್ಲಿಯೇ ಇಡಲು ಅವಕಾಶವಿರುವುದರಿಂದ, ಇಂಗ್ಲಿಷಿನಲ್ಲಿಯೇ ಇರಬೇಕಾದ ಸೂತ್ರಪದವನ್ನು ನಮ್ಮ ಲಿಪಿಗೆ ತಂದು ಬರೆದರೆ ನಮ್ಮ ಸೂತ್ರ ಹೀಗಾಗುತ್ತದೆ:

.ಶಾಸನ:ಹ್ಯಾಸ್(+ .ಅದೇಗ್ರಾಮ)

ತನ್ನ ಬೆನ್ನಿಗೇ ‘ಅದೇ ಗ್ರಾಮ’ದ ನಮೂದನ್ನುಳ್ಳ ಶಾಸನ ಎಂದು ಇದರ ಅರ್ಥ. ಇಲ್ಲೊಂದು ತೊಡಕು. ಒಂದೇ ಊರಿನ ನಾಲ್ಕು ಕಲ್ಲುಗಳು ಸಾಲಾಗಿದ್ದರೆ ಮೊದಲ ಮೂರೂ ಆಯ್ಕೆಯಾಗುತ್ತವೆ, ಏಕೆಂದರೆ ಎರಡನೆಯದೂ ಮೂರನೆಯದಕ್ಕೆ ಅಣ್ಣನೇ. ಸಾಲಿನ ತಲೆಯೊಂದೇ ಬೇಕಾದರೆ ನಿಷೇಧವನ್ನು ಸೇರಿಸಬೇಕು:

.ಶಾಸನ:ನಾಟ್(.ಅದೇಗ್ರಾಮ):ಹ್ಯಾಸ್(+ .ಅದೇಗ್ರಾಮ)

ಈಗ ಊರ ಹೆಸರುಳ್ಳ ನಮೂದು ಮಾತ್ರ ಬಣ್ಣ ತಳೆಯುತ್ತದೆ. ಆದರೆ ಶೈಲಿಪತ್ರವು ಕಣ್ಣಿಗೆ ತೋರಿಸಬಲ್ಲದೇ ಹೊರತು ಊರಿನ ಹೆಸರನ್ನು ಮುಂದಿನ ನಮೂದಿನೊಳಕ್ಕೆ ತುಂಬಲಾರದು. ವಿದ್ಯಾರ್ಥಿಯು ನಾಲ್ಕನೆಯ ಶಾಸನವನ್ನು ತನ್ನ ಟಿಪ್ಪಣಿಗೆ ನಕಲು ಮಾಡಿಕೊಂಡರೆ ಅಲ್ಲಿಗೆ ಹೋಗುವುದು ‘ಅದೇ ಗ್ರಾಮದ’ ಎಂಬ ಮಾತೇ; ಹೆಸರನ್ನು ಪ್ರತಿಯೊಂದಕ್ಕೂ ಬರೆದಿಡುವ ಕೆಲಸ ಸಂಪಾದಕನ ಪಾಲಿಗೇ ಉಳಿದಿದೆ.